ಬೇಗದ ಗಂಟೆ, ನಿಧಾನದ ಗಂಟೆ

ಆ ದಿನ ಮಾಂಟ್‌ಗಮರಿಗೆ ತಡವಾಗಿ ಮುಟ್ಟಿದ್ದು ನನ್ನಿಂದಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮಿಸ್ ವರ್ಲೀನ್ ಅವರ ಕಥೆಯನ್ನು ನಮ್ಮೂರಲ್ಲಿ ಯಾರು ಹೇಳಿದರೂ ಅದು ಕೊನೆಗೆ ಬಂದು ನಿಲ್ಲುವುದು, "ಪರೀಕ್ಷೆಗೆ ಕರ್ಕೊಂಡು ಹೋಗೋ ಅಂದ್ರೆ ಈ ಡರ್ವುಡ್ ದಾರೀಲಿ ಕಡಲೆಕಾಯಿ ಸುಲೀತಾ ಕೂತಿದ್ದ" ಎಂಬ ಮಾತಿಗೇ. ಚರ್ಚಿನ ಭಾನುವಾರದ ಊಟದಲ್ಲಿ ಪಾದ್ರಿಯವರೂ ಇದನ್ನು ಹೇಳಿ ನಕ್ಕರು. ನಗುವ ಭರದಲ್ಲಿ ತಟ್ಟೆಯ ಹುರಿದ ಬೆಂಡೆಕಾಯಿಯನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡರು. ನನಗೆ ಅಷ್ಟಾದರೂ ನ್ಯಾಯ ಸಿಕ್ಕಿತು. ಆದರೆ ಅಡುಗೆಮನೆಯ ಗಡಿಯಾರದ ಮುಳ್ಳು ತಿರುಗಿಸಿದವರು ಯಾರು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ನಮ್ಮ ವೆಸ್ಟ್ ಹ್ಯಾಡ್ಲಿ ಇರುವುದು ಚಟ್ಟಹೂಚಿ ಹೊಳೆಯ ಈಚೆ ದಂಡೆಯಲ್ಲಿ. ಅಂದರೆ ಅಲಬಾಮಾ ರಾಜ್ಯ. ಸೇತುವೆ ದಾಟಿದರೆ ಹ್ಯಾಡ್ಲಿ, ಅದು ಜಾರ್ಜಿಯಾ. ಸರ್ಕಾರದ ಲೆಕ್ಕದಲ್ಲಿ ನಮ್ಮ ಗಡಿಯಾರ ಅವರದ್ದಕ್ಕಿಂತ ಒಂದು ಗಂಟೆ ಹಿಂದೆ ಓಡಬೇಕು. ಆದರೆ ಹತ್ತಿಗಿರಣಿ ಇದ್ದದ್ದು ಆಚೆ ದಂಡೆಯಲ್ಲಿ. ಅದರ ಸಿಳ್ಳೆ ಕೂಗಿದಾಗ ನಮ್ಮ ಅಜ್ಜಂದಿರು ಎದ್ದರು, ಅದು ಕೂಗಿದಾಗ ಉಂಡರು, ಅದು ಕೂಗಿದಾಗ ಮಲಗಿದರು. ಗಿರಣಿ ಮುಚ್ಚಿತು, ಸಿಳ್ಳೆ ತುಕ್ಕು ಹಿಡಿಯಿತು, ಗಂಟೆ ಮಾತ್ರ ಹಾಗೇ ಉಳಿಯಿತು. ಈಗಲೂ ನಾವು ಜಾರ್ಜಿಯಾದ ಬೇಗದ ಗಂಟೆಯಲ್ಲೇ ಬದುಕುವವರು. ನಮ್ಮ ರಾಜಧಾನಿ ಮಾಂಟ್‌ಗಮರಿಯವರದು ಸರ್ಕಾರದ ನಿಧಾನದ ಗಂಟೆ. ಕೈಫೋನನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಅದು ಕುಡುಕನ ಹಾಗೆ, ಮುಂಬಾಗಿಲಲ್ಲಿ ಒಂದು ಗಂಟೆ ತೋರಿಸುತ್ತದೆ, ಹಿತ್ತಲಿಗೆ ಹೋದರೆ ಆಚೆ ದಂಡೆಯ ಟವರ್ ಹಿಡಿದು ಇನ್ನೊಂದು. ಗೋಡೆಯ ಗಡಿಯಾರ ಏನು ಹೇಳುತ್ತದೋ ಅದೇ ಹೊತ್ತು. ಅದರ ಮುಳ್ಳನ್ನು ಯಾರೂ ಮುಟ್ಟುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಮಿಸ್ ವರ್ಲೀನ್‌ಗೂ ಗೊತ್ತಿತ್ತು.

ನನ್ನ ಕಸುಬು ಕಂಬ ನೆಡುವುದು. ಮನೆ ಮಾರಾಟಕ್ಕಿದೆ ಎಂದು ಅಂಗಳದಲ್ಲಿ ಬೋರ್ಡು ನೇತಾಡುತ್ತದಲ್ಲ, ಆ ಬೋರ್ಡಿನ ಕಂಬ. ಎಂಟನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಶಾಲೆ ಬಿಟ್ಟ ಮೇಲೆ ನಾನು ಕಲಿತ ವಿದ್ಯೆ ಅದೊಂದೇ. ಹೊಳೆಯ ಯಾವ ದಂಡೆಯಲ್ಲಿ ಗುಂಡಿ ತೋಡಿದರೂ ನನ್ನನ್ನು ಯಾರೂ ಲೈಸೆನ್ಸ್ ಕೇಳುವುದಿಲ್ಲ. ಬೋರ್ಡಿನ ಮೇಲೆ ಹೆಸರಿರುವ, ಮನೆ ಮಾರಿಸುವವರ ಪಾಡು ಹಾಗಲ್ಲ. ಜಾರ್ಜಿಯಾದ ಲೈಸೆನ್ಸು ಸೇತುವೆಯ ನಟ್ಟನಡುವೆ ಮುಗಿದುಹೋಗುತ್ತದೆ. ಅಲ್ಲಿಂದ ಈಚೆಗೆ ಒಂದು ನಾಯಿಗೂಡು ಮಾರಿಸಬೇಕಾದರೂ ಅಲಬಾಮಾದ ಲೈಸೆನ್ಸೇ ಬೇಕು.

ಮಿಸ್ ವರ್ಲೀನ್ ಹುಟ್ಟಿದ್ದು ನಮ್ಮ ದಂಡೆಯಲ್ಲೇ, ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಮನೆಸಾಲಿನಲ್ಲಿ. ತಾಯಿ ನೂಲಿನ ಖಾತೆಯಲ್ಲಿ ದುಡಿಯುತ್ತಿದ್ದರು. ಮಗಳು ಪ್ರಾಯಕ್ಕೆ ಬಂದ ಮೇಲೆ ಸೇತುವೆ ದಾಟಿ ಹೋಗಿ ಹೋಟೆಲಿನಲ್ಲಿ ತಟ್ಟೆ ಹೊತ್ತರು. ತಟ್ಟೆ ಹೊರುತ್ತಲೇ, ಯಾರ ಮನೆ ಖಾಲಿ ಇದೆ, ಯಾರು ಮನೆ ಹುಡುಕುತ್ತಿದ್ದಾರೆ ಎಂಬುದನ್ನೆಲ್ಲ ಕಿವಿಗೆ ಹಾಕಿಕೊಂಡರು. ಒಂದು ದಿನ ಹೋಟೆಲಿನ ಯಜಮಾನ, "ನೀನು ಕಾಫಿ ಕೊಡೋದಕ್ಕಿಂತ ಮನೆ ಕೊಡಿಸಿದ್ದೇ ಜಾಸ್ತಿ ಆಯ್ತಲ್ಲಮ್ಮ" ಅಂದನಂತೆ. ಆ ಮಾತು ಹಿಡಿದುಕೊಂಡು ಹೋಗಿ ಜಾರ್ಜಿಯಾದ ಲೈಸೆನ್ಸು ತೆಗೆದುಕೊಂಡರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ದಂಡೆಯಲ್ಲಿ ಮನೆ ಮಾರಿಸಿದರು. ಅವರ ಬೋರ್ಡಿನ ಕಂಬವನ್ನೆಲ್ಲ ನೆಟ್ಟವನು ನಾನೇ.

ಅವರು ಮನೆ ತೋರಿಸುವುದನ್ನು ನೋಡಬೇಕಿತ್ತು. ಬೇರೆಯವರು ಗಿರಾಕಿಗೆ ಮೊದಲು ಹಜಾರ ತೋರಿಸುತ್ತಾರೆ, ಆಮೇಲೆ ಕಿಟಕಿಯ ಹೊರಗಿನ ಮರ ತೋರಿಸುತ್ತಾರೆ. ಇವರು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಸಿಂಕಿನ ಕೆಳಗೆ ತಲೆ ತೂರಿಸುತ್ತಿದ್ದರು. ಅಲ್ಲಿಂದಲೇ ದನಿ ಬರುತ್ತಿತ್ತು: "ಇಲ್ಲಿ ನೀರು ಜಿನುಗುತ್ತೆ, ಬಗ್ಗಿ ನೋಡಿ. ಮೇಲೆ ಬಚ್ಚಲಿನ ಗೋಡೆನೂ ಅಷ್ಟೇ." ಮನೆ ಮಾರುವವನು ಹಿಂದೆ ನಿಂತು ಕೆಮ್ಮುತ್ತಿದ್ದ. ಆದರೂ ಆ ಗಿರಾಕಿಗಳೇ ಆ ಮನೆಯನ್ನೇ ಕೊಳ್ಳುತ್ತಿದ್ದರು. ಸೋರುವುದನ್ನು ಕೇಳುವ ಮೊದಲೇ ಹೇಳಿದವರು ಉಳಿದದ್ದನ್ನು ಮುಚ್ಚಿಡುವುದಿಲ್ಲ ಎಂದು ಜನಕ್ಕೆ ತಿಳಿದಿತ್ತು.

ನನ್ನ ಅಣ್ಣ ಹೋಯ್ಟ್ ಹಂದಿಮಾಂಸ ಸುಟ್ಟು ಮಾರಲು ಒಲೆ ಇಟ್ಟವನು. ನಮ್ಮಜ್ಜ ಹಿತ್ತಲಲ್ಲಿ ಕಟ್ಟಿದ ಇಟ್ಟಿಗೆ ಒಲೆ ಅದು. ಮದುವೆಯಾಗದೆ, ಮಾತಾಡದೆ, ಬೆಂಕಿಯ ಮುಂದೆ ಕೂತು ಐವತ್ತೆಂಟು ದಾಟಿದ್ದ. ಇದ್ದಕ್ಕಿದ್ದಂತೆ ಒಂದು ದಿನ, ಆಚೆ ದಂಡೆಯಲ್ಲಿ ಮನೆ ನೋಡುತ್ತೇನೆ ಎಂದು ಮಿಸ್ ವರ್ಲೀನ್ ಹತ್ತಿರ ಹೋದ. ಅವರು ಒಂದಾದ ಮೇಲೊಂದು ಮನೆ ತೋರಿಸಿದರು. ಪ್ರತಿ ಮನೆಯಲ್ಲೂ ಇವನದು ಒಂದೇ ಪ್ರಶ್ನೆ, "ಒಲೆ ಎಲ್ಲಿ ಕಟ್ಟೋದು?" ಕೊನೆಗೆ ಅವರಿಗೆ ಸಾಕಾಯಿತು.

"ಹೋಯ್ಟ್, ನಿಮ್ಮ ಹಿತ್ತಲಂಥ ಹಿತ್ತಲು ಈ ದಂಡೇಲಿ ಎಲ್ಲೂ ಇಲ್ಲ."

"ಗೊತ್ತು."

"ಗೊತ್ತಿದ್ರೆ ಮತ್ಯಾಕೆ ಮನೆ ನೋಡ್ತಿದೀರ?"

"ತೋರಿಸ್ತಿರೋದು ನೀವಲ್ವಾ, ಅದಕ್ಕೆ."

ನನ್ನ ಅಣ್ಣ ಜನ್ಮದಲ್ಲಿ ಆಡಿದ ಒಂದೇ ಒಂದು ಜಾಣ ಮಾತು ಅದು. ವಸಂತದಲ್ಲಿ ಮದುವೆಯಾಯಿತು. ಒಲೆಯನ್ನು ಕಿತ್ತು ಒಯ್ಯಲಾಗದು, ಆದ್ದರಿಂದ ಹೆಂಡತಿಯೇ ಸೇತುವೆ ದಾಟಿ ಬಂದರು. "ಮನೆ ಮಾರೋಕೆ ಹೋಗಿ ಮನೆಯೊಡತಿ ಆಗಿಬಿಟ್ರು" ಎಂದು ಊರವರು ಆಡಿಕೊಂಡರು. ಅವರೂ ಜೊತೆಗೆ ನಕ್ಕರು.

ಬಂದದ್ದೇ ತಡ, ಅವರ ಕಣ್ಣು ತಾವು ಹುಟ್ಟಿದ ಮನೆಸಾಲಿನ ಮೇಲೆ ಬಿತ್ತು. ಗಿರಣಿಯ ವಾರಸುದಾರ ಲೇನಿಯರ್ ಗುಡ್‌ಲೋ ಎಂಬ ಮುದುಕ ಆ ಸಾಲನ್ನು ಮಾರಲು ಹೊರಟಿದ್ದ. ಬರ್ಮಿಂಗ್‌ಹ್ಯಾಮಿನ ಒಂದು ಕಂಪನಿ ಅಷ್ಟನ್ನೂ ಒಟ್ಟಿಗೆ ಕೊಂಡು ಕೆಡವುತ್ತೇವೆ ಎಂದಿತ್ತು. ಆ ಸಾಲಿನಲ್ಲಿ ಬಾಡಿಗೆಗೆ ಇದ್ದವರು ಗಿರಣಿಯ ಮಕ್ಕಳು, ಮೊಮ್ಮಕ್ಕಳು. ತುದಿಯ ಮನೆಯಲ್ಲಿದ್ದವನು ನಾನು. ನಾನು ಹುಟ್ಟಿದ್ದೂ ಅದೇ ಮನೆಯಲ್ಲಿ. ಅಣ್ಣ ಅಜ್ಜನ ಮನೆಗೆ ಹೋದ, ನಾನು ಅಪ್ಪನ ಬಾಡಿಗೆ ಮನೆಯಲ್ಲೇ ಉಳಿದೆ.

ಮಿಸ್ ವರ್ಲೀನ್ ಗುಡ್‌ಲೋ ಮನೆಗೆ ಹೋಗಿ ಅಡುಗೆಮನೆಯಲ್ಲಿ ಕೂತು, "ಒಂದೊಂದಾಗಿ ಮಾರಿ. ಇರೋರಿಗೇ ಮಾರಿ. ನಾನು ಮಾರಿಸಿಕೊಡ್ತೀನಿ" ಅಂದರು.

"ನಿನ್ನ ಮಾತು ನಂಬ್ತೀನಿ ಕಣಮ್ಮ. ಆದ್ರೆ ಈ ದಂಡೇಲಿ ಮಾರಿಸೋಕೆ ನಿನ್ನ ಹತ್ರ ಪೇಪರ್ ಎಲ್ಲಿದೆ?"

"ತರ್ತೀನಿ."

"ಸೆಪ್ಟೆಂಬರ್ ಮೊದಲ ಸೋಮವಾರ, ನಮ್ಮ ಕಾರ್ಮಿಕರ ದಿನದವರೆಗೆ ಕಾಯ್ತೀನಿ. ಆಮೇಲೆ ಕಂಪನಿಯವರಿಗೆ ಸಹಿ ಹಾಕಿಬಿಡ್ತೀನಿ. ನನಗೂ ವಯಸ್ಸಾಯ್ತು."

ಲೈಸೆನ್ಸು ಈಚೆಗೆ ತರುವುದೆಂದರೆ ಮಂಚ ಸಾಗಿಸಿದ ಹಾಗಲ್ಲ. ಇವರ ಮೇಲೆ ದೂರಿಲ್ಲ ಎಂದು ಜಾರ್ಜಿಯಾದಿಂದ ಪತ್ರ ಬರಬೇಕು, ಬಂತು. ಬೆರಳಚ್ಚು ಕೊಡಬೇಕು, ಕೊಟ್ಟರು. ಈ ದಂಡೆಯ ಒಬ್ಬ ಬ್ರೋಕರು ತನ್ನ ಆಫೀಸಿನಲ್ಲಿ ಜಾಗ ಕೊಡಬೇಕು, ಒಬ್ಬ ಪುಣ್ಯಾತ್ಮ ಕೊಟ್ಟ. ಪರೀಕ್ಷೆಯಲ್ಲಿ ದೇಶಕ್ಕೆಲ್ಲ ಒಂದೇ ಆದ ಅರ್ಧವನ್ನು ಲೈಸೆನ್ಸಿರುವ ಹಳಬರಿಗೆ ಮಾಫಿ ಮಾಡುತ್ತಾರೆ. ಅಲಬಾಮಾದ ಕಾನೂನಿನ ಅರ್ಧವನ್ನು ಮಾತ್ರ ಬರೆಯಲೇಬೇಕು. ಮೊದಲ ಸಲ ಹೋಗಿ ಬರೆದು ಮಿಸ್ ವರ್ಲೀನ್ ಫೇಲಾದರು.

ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ ಹೇಳಿದರು: "ತಲೆ ಅಲಬಾಮಾ ಓದಿತ್ತು ಕಣೋ ಡರ್ವುಡ್, ಕೈ ಜಾರ್ಜಿಯಾ ಬರೀತು. ಇಪ್ಪತ್ತು ವರ್ಷ ಮಾಡಿದ್ದನ್ನ ಕೈ ಮರೆಯಲ್ಲ."

"ಕೈಗೆ ನಾಲ್ಕು ಬಾರಿಸಿ" ಅಂದೆ.

"ಬಾರಿಸೋದಲ್ಲ, ಅಭ್ಯಾಸ ಮಾಡಿಸಬೇಕು. ಇವತ್ತಿಂದ ನಾನು ಏಳೋದು, ಕೂರೋದು ಎಲ್ಲ ಅಲಬಾಮಾ."

ಏನೋ ಸಿಟ್ಟಿಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ಮಾತ್ರ ನಿಜವಾಗಿಯೂ ಕುರ್ಚಿ ಹತ್ತಿ, ಅಡುಗೆಮನೆಯ ಗಡಿಯಾರವನ್ನು ಮಾಂಟ್‌ಗಮರಿಯ ನಿಧಾನದ ಗಂಟೆಗೆ ತಿರುಗಿಸಿದ್ದರು. ನೋಡಿದವನು ಅಣ್ಣ ಒಬ್ಬನೇ. ಅವನು ಯಾರಿಗೂ ಹೇಳಲಿಲ್ಲ. ಆಮೇಲೆ ಕೇಳಿದ್ದಕ್ಕೆ, "ನನ್ನನ್ನ ಯಾರು ಕೇಳಿದ್ರು?" ಅಂದ.

ಎರಡನೇ ಪರೀಕ್ಷೆ ಜುಲೈ ಕೊನೆಗೆ ಬಂತು, ಮಾಂಟ್‌ಗಮರಿಯಲ್ಲಿ, ಅಲ್ಲಿನ ಒಂಬತ್ತು ಗಂಟೆಗೆ. ಅವರ ಕಾರು ಗ್ಯಾರೇಜಿನಲ್ಲಿತ್ತು. ನನ್ನ ಟ್ರಕ್ಕಿನಲ್ಲಿ ಒಯ್ಯುತ್ತೇನೆ ಎಂದು ನಾನೇ ಹೇಳಿದೆ. ಒಂದೂವರೆ ಗಂಟೆಯ ದಾರಿ, ನಮ್ಮ ಗಂಟೆಯ ಎಂಟಕ್ಕೆ ಹೊರಟರೆ ಅಲ್ಲಿ ಅರ್ಧ ಗಂಟೆ ಮೊದಲೇ ಇರಬಹುದು. ನನ್ನ ಮನೆಯೂ ಅವರ ಲೈಸೆನ್ಸಿಗೆ ನೇತುಬಿದ್ದಿತ್ತಲ್ಲ, ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪಕ್ಕದ ಮನೆಯ ನಾಯಿ ಬೊಗಳಿದ್ದೇ ಎದ್ದು ಹೊರಟೆ. ಗುಂಡಿ ತೋಡುವವನಿಗೆ ಕೈಗಡಿಯಾರ ಎರಡು ದಿನ ಬಾಳುವುದಿಲ್ಲ, ಕಟ್ಟುವುದನ್ನು ಎಂದೋ ಬಿಟ್ಟಿದ್ದೆ. ಟ್ರಕ್ಕಿನ ಗಡಿಯಾರ ನಾನು ಕೊಂಡಾಗಲೇ ಸತ್ತಿತ್ತು.

ಅವರ ಅಡುಗೆಮನೆಗೆ ಕಾಲಿಟ್ಟಾಗ ಗೋಡೆಯ ಮೇಲೆ ಏಳು ಗಂಟೆ. ಪರವಾಗಿಲ್ಲ, ಒಂದು ಗಂಟೆ ಮುಂಚೆಯೇ ಬಂದುಬಿಟ್ಟಿದ್ದೇನೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅಣ್ಣ ಜೋಳದ ಗಂಜಿ ತಿರುವುತ್ತಿದ್ದ. ತಟ್ಟೆ ಎಳೆದುಕೊಂಡು ಕೂತೆ. ಮಿಸ್ ವರ್ಲೀನ್ ಕೂದಲು ಬಾಚಿಕೊಂಡು, ಕಂಕುಳಲ್ಲಿ ಕಾನೂನಿನ ಪುಸ್ತಕ ಇರುಕಿಕೊಂಡು ಬಂದರು.

"ಹೊತ್ತಾಗಲಿಲ್ವೇನೋ?"

"ಬೇಕಾದಷ್ಟು ಹೊತ್ತಿದೆ. ನೀವೂ ಎರಡು ತುತ್ತು ತಿನ್ನಿ. ಓದು ನಿಮ್ಮದು, ಹೊತ್ತಿನ ಲೆಕ್ಕ ನನ್ನದು."

"ಸರಿಯಪ್ಪ, ನಿನ್ನ ತಲೆ ಮೇಲೆ" ಎಂದು ಅವರು ಪುಸ್ತಕ ಬಿಚ್ಚಿದರು.

ಅಣ್ಣ ಗಡಿಯಾರದ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು, "ನೀನು ಗಂಜಿ ನೋಡ್ಕೋ, ತಳ ಹಿಡೀತಿದೆ" ಅಂದೆ. ಅವನು ಗಂಜಿ ನೋಡಿಕೊಂಡ.

ಹೀಗೆ ಹೊರಟೆವು. ದಾರಿಯಲ್ಲಿ ಕಡಲೆಕಾಯಿ ಬೇಯಿಸುವ ಹೆಂಗಸಿನ ಗಾಡಿ ಸಿಕ್ಕಿತು. ಹಂಡೆಯಿಂದ ಹಬೆ ಏಳುತ್ತಿತ್ತು. ನಿಲ್ಲಿಸಿದೆ. ಉಪ್ಪುನೀರು ತೊಟ್ಟಿಕ್ಕುವ ಬಿಸಿ ಕಡಲೆಕಾಯಿಯನ್ನು ಓಡುವ ಟ್ರಕ್ಕಿನಲ್ಲಿ ಸುಲಿಯಲಾಗುವುದಿಲ್ಲ, ಕೂತೇ ತಿನ್ನಬೇಕು. ತಿಂದೆವು. ಅವರೂ ತಿಂದರು, ಇದನ್ನು ಊರವರು ಹೇಳುವುದಿಲ್ಲ. ಮುಂದೆ ಟಸ್ಕೀಗಿಯ ಹತ್ತಿರ ಯಾರದೋ ಅಂಗಳದಲ್ಲಿ ಮಾರಾಟದ ಕಂಬವೊಂದು ಕುಡಿದವನಂತೆ ವಾಲಿತ್ತು. ವಾಲಿದ ಕಂಬ ನೋಡಿ ಸುಮ್ಮನೆ ಹೋಗಲು ನನ್ನಿಂದ ಆಗುವುದಿಲ್ಲ. ಇಳಿದು, ಕಿತ್ತು, ಕಲ್ಲು ಕೊಟ್ಟು, ಸರಿಯಾಗಿ ನಿಲ್ಲಿಸಿದೆ. ಮಿಸ್ ವರ್ಲೀನ್ ಒಳಗಿಂದ, "ನಿನ್ನ ಗಂಟೆ ಏನು ರಬ್ಬರಿಂದಾ?" ಎಂದು ಕೇಳಿದರು. "ಲೆಕ್ಕ ನನ್ನದು ಅಂದ್ನಲ್ಲ" ಅಂದೆ.

ಪರೀಕ್ಷೆಯ ಕಟ್ಟಡದ ಒಳಗೆ ಮೇಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದರು. ಎದೆಯ ಮೇಲಿನ ಚೀಟಿಯಲ್ಲಿ ಒಡೆಸ್ಸಾ ಎಂದಿತ್ತು. ಅವರ ತಲೆಯ ಮೇಲಿನ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

"ಆ ಗಡಿಯಾರ ಕೆಟ್ಟಿದೆ" ಅಂದೆ.

"ಕೆಟ್ಟಿಲ್ಲ ಸರ್. ಒಂಬತ್ತರ ಪರೀಕ್ಷೆಯವರು ಒಳಗೆ ಹೋಗಿ ಬರೀತಿದಾರೆ. ಬಾಗಿಲು ಹಾಕಿ ಆಯ್ತು."

"ಈಗ ಎಂಟೂ ಮುಕ್ಕಾಲು."

ಒಡೆಸ್ಸಾ ಕನ್ನಡಕ ಇಳಿಸಿ ನಮ್ಮಿಬ್ಬರನ್ನೂ ನೋಡಿದರು. "ಹೊಳೆ ದಂಡೆಯವರಾ ನೀವು?"

"ಹೌದು, ಏನೀಗ?"

"ಏನಿಲ್ಲ. ನಿಮ್ಮ ಕಡೆಯವರು ತಿಂಗಳಿಗೊಬ್ಬರಾದ್ರೂ ಒಂದು ಗಂಟೆ ಮುಂಚೆ ಬಂದು ಈ ಬೆಂಚಿನ ಮೇಲೆ ಗೊರಕೆ ಹೊಡೀತಾರೆ. ತಡವಾಗಿ ಬಂದಿರೋದು ನೀವೇ ಮೊದಲು."

ಬೆಂಚಿನ ಮೇಲೆ ಆಗಲೂ ಒಬ್ಬ ದಪ್ಪ ಮನುಷ್ಯ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ.

ಮಿಸ್ ವರ್ಲೀನ್ ನನ್ನ ಕಡೆ ತಿರುಗಿದರು. "ಡರ್ವುಡ್, ಬೆಳಿಗ್ಗೆ ನೀನು ಯಾವ ಗಡಿಯಾರ ನೋಡ್ದೆ?"

"ನಿಮ್ಮ ಅಡುಗೆಮನೇದು."

ಅವರ ಕೈ ಬಾಯಿಗೆ ಹೋಯಿತು. "ಅದನ್ನ ನಾನು ಆಗಲೇ ಅಲಬಾಮಾಕ್ಕೆ ತಿರುಗಿಸಿದ್ನಲ್ಲೋ."

ನನಗೆ ಪಿತ್ತ ನೆತ್ತಿಗೇರಿತು. ಆ ಹೊತ್ತಿನಲ್ಲಿ ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ನಮ್ಮೂರಲ್ಲಿ ಹೆಂಡತಿ ಮುನಿದರೂ, ಮನೆಗೆ ಮರ ಬಿದ್ದರೂ ಗೋಡೆ ಗಡಿಯಾರ ಮುಟ್ಟಿದವರುಂಟೇ ಎಂದು ಕೇಳಿದೆ. ಆಮೇಲೆ ಆ ಕಟ್ಟಡದ ಗಡಿಯಾರಕ್ಕೆ ಬೈದೆ. ಆಮೇಲೆ ಬಾಗಿಲಿಗೆ. ಒಡೆಸ್ಸಾ ಕಂಪ್ಯೂಟರ್ ನೋಡಿ, "ಇನ್ನು ಖಾಲಿ ಕುರ್ಚಿ ಇರೋದು ಸೆಪ್ಟೆಂಬರ್ ಎರಡನೇ ವಾರಕ್ಕೆ ಮೇಡಂ" ಅಂದರು.

ಕಾರ್ಮಿಕರ ದಿನ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮನೆಸಾಲು ಕಂಪನಿಯದಾಗಿರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಮಿಸ್ ವರ್ಲೀನ್ ಅವರ ಮುಖದಲ್ಲೇ ಕಂಡಿತು. ಅದನ್ನು ನೋಡಿ ನಾನು ಇನ್ನೂ ಜೋರಾಗಿ ಕೂಗಿದೆ.

ಬೆಂಚಿನ ಮೇಲಿನ ಮನುಷ್ಯ ಟೋಪಿ ಸರಿಸಿ ಎದ್ದು ಕೂತ. "ಏನ್ರೀ, ಗಿರಣಿ ಸಿಳ್ಳೆ ಕೂಗ್ತಾ?"

ಅವನ ಹೆಸರು ಥರ್ಮನ್. ನಮ್ಮ ಹೊಳೆಯ ದಂಡೆಯಲ್ಲೇ ಸ್ವಲ್ಪ ಮೇಲಿನ ಊರಿನವನು, ಅವನೂ ಬೇಗದ ಗಂಟೆಯವನೇ. ಅವನ ಪರೀಕ್ಷೆ ಇದ್ದದ್ದು ಹತ್ತೂವರೆಗೆ. ಬೇಗ ಬಂದು ಮಲಗಿದ್ದ. ನನ್ನ ಕೂಗಾಟದಲ್ಲಿ ಅರ್ಧ ಕಥೆ ಕೇಳಿದ್ದ, ಉಳಿದರ್ಧವನ್ನು ಮಿಸ್ ವರ್ಲೀನ್ ಹೇಳಿದರು. ಮನೆಸಾಲಿನ ಮಾತು ಬಂದಾಗ ಅವನು ತಲೆ ಕೆರೆದುಕೊಂಡ.

"ನಮ್ಮಮ್ಮನೂ ಗಿರಣಿಯವಳೇ ಮೇಡಂ. ಒಂದು ಕೆಲಸ ಮಾಡಿ. ನನ್ನ ಕುರ್ಚಿ ನೀವು ತಗೊಳ್ಳಿ, ಆ ಸೆಪ್ಟೆಂಬರಿಂದು ನನಗಿರ್ಲಿ. ನಾನಿನ್ನೂ ಪುಸ್ತಕದ ಹಿಂದಿನರ್ಧ ತೆಗೆದೇ ಇಲ್ಲ. ಹೆಂಡತಿ ನೂಕಿದ್ಲು, ಬಂದೆ."

ಒಡೆಸ್ಸಾ ಎಲ್ಲಿಗೋ ಫೋನು ಮಾಡಿದರು. ಬಹಳ ಹೊತ್ತು "ಹೂಂ, ಹೂಂ" ಅಂದರು. ಫೋನು ಇಟ್ಟು, "ಆಗುತ್ತಂತೆ" ಅಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಆದ್ರೆ ಒಳಗೆ ಜನ ಬರೀತಿದಾರೆ. ಈ ಸರ್ ಇನ್ನೊಂದು ಸಲ ಬಾಯಿ ಮಾಡಿದ್ರೆ ಇಬ್ಬರನ್ನೂ ಆಚೆ ಕಳಿಸ್ತೀನಿ."

ಇಲ್ಲಿ ಒಂದು ಮಾತು ಕೇಳುತ್ತೇನೆ. ನಾನು ಕೂಗದಿದ್ದರೆ ಥರ್ಮನ್ ಏಳುತ್ತಿದ್ದನೇ? ಏಳದಿದ್ದರೆ ಕುರ್ಚಿ ಸಿಗುತ್ತಿತ್ತೇ? ಇದನ್ನೂ ಊರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಿಸ್ ವರ್ಲೀನ್ ನನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ಹನ್ನೆರಡು ಗಂಟೆವರೆಗೆ ತುಟಿ ಎರಡು ಮಾಡಬೇಡ ಕಣೋ. ಮಾಡದೆ ಇದ್ರೆ ನಿನಗೊಂದು ತೆಂಗಿನಕಾಯಿ ಕೇಕು. ಮೂರು ಪದರದ್ದು. ನಮ್ಮಮ್ಮ ಮಾಡ್ತಿದ್ದಂಥದ್ದು."

ಆ ಕೇಕನ್ನು ನಾನು ಎರಡೇ ಸಲ ತಿಂದಿದ್ದೆ, ಎರಡು ಸಲವೂ ಯಾರದೋ ಸಾವಿನ ಮನೆಯ ಊಟದಲ್ಲಿ. ತುಟಿ ಹೊಲಿದುಕೊಂಡವನಂತೆ ಕೂತೆ.

ಹತ್ತೂವರೆಗೆ ಇನ್ನೂ ಹೊತ್ತಿತ್ತು. ಒಡೆಸ್ಸಾ ಸುಮ್ಮನೆ ಮಾತಿಗೆಳೆದರು. "ನಿಮಗೆ ಇಷ್ಟು ವರ್ಷ ಅನುಭವ ಅಂತೀರಿ. ನನ್ನ ತಂಗಿ ಒಪೆಲೈಕಾದಲ್ಲಿ ಒಂದು ಮನೆ ನೋಡಿದಾಳೆ. ನೆಲಮಾಳಿಗೇಲಿ ಎಂಥದೋ ಮುಗ್ಗಲು ವಾಸನೆ. ತಗೋಬಹುದಾ?"

ಮಿಸ್ ವರ್ಲೀನ್ ಅವರ ಪಾಡು ಹೇಳಲಾರೆ. ವಾಸನೆ ಎಂದ ಕೂಡಲೇ ಅವರ ಮೂಗು ಅರಳಿತು, ಬಾಯಿ ತೆರೆಯಿತು. ಆಮೇಲೆ ಕಷ್ಟಪಟ್ಟು ಮುಚ್ಚಿಕೊಂಡಿತು.

"ಅದು ಅಲಬಾಮಾದ ಮನೆ" ಅಂದರು. "ನನ್ನದು ಜಾರ್ಜಿಯಾದ ಲೈಸೆನ್ಸು. ಈಗ ಹೇಳಿದ್ರೆ ಸರಿಯಾಗಲ್ಲ. ಪೇಪರ್ ಕೈಗೆ ಬರಲಿ, ನಾನೇ ಬಂದು ನೆಲಮಾಳಿಗೆಗೆ ಇಳೀತೀನಿ."

"ಕಾನೂನು ಇಷ್ಟು ಗಟ್ಟಿಯಾಗಿ ಗೊತ್ತಿದ್ರೆ ಪರೀಕ್ಷೆಗೆ ಹೆದರಿಕೆ ಯಾಕೆ ಮೇಡಂ" ಎಂದು ಒಡೆಸ್ಸಾ ನಕ್ಕರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಅಕ್ಕಪಕ್ಕ ಕೂತದ್ದನ್ನು ನಮ್ಮೂರವರು ನೋಡಿದ್ದರೆ ಆಸ್ಪತ್ರೆಗೆ ಫೋನು ಮಾಡುತ್ತಿದ್ದರು.

ಅವರು ಒಳಗೆ ಹೋದರು. ಥರ್ಮನ್ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕೇಕಿನ ಮಾತು ಅವನ ಕಿವಿಗೆ ಬಿದ್ದಿತ್ತು. ನನ್ನ ಬಾಯಿ ಬಿಡಿಸಲು ಪಕ್ಕಕ್ಕೆ ಒತ್ತಿಕೊಂಡು ಕೂತ.

"ಏನು ಕೆಲಸ ನಿಮ್ಮದು? ಕಂಬ ನೆಡೋದಾ? ಅದೇನು ಮಹಾ. ನಮ್ಮಜ್ಜಿ ನೆಡ್ತಾಳೆ."

ನಾನು ಗೋಡೆ ನೋಡಿದೆ.

"ನಿಮ್ಮ ವೆಸ್ಟ್ ಹ್ಯಾಡ್ಲಿ ಹುಡುಗರು ಫುಟ್‌ಬಾಲ್ ಆಡೋದು ನೋಡಿದೀನಿ. ಚೆಂಡೇ ಅವರನ್ನ ಹುಡುಕ್ಕೊಂಡು ಬರಬೇಕು."

ಮುಷ್ಟಿ ಬಿಗಿದು ಮೊಣಕಾಲಿನ ಮೇಲಿಟ್ಟುಕೊಂಡೆ.

"ಅಲ್ಲ, ಹೋಯ್ಟ್ ಅನ್ನೋನು ನಿಮ್ಮಣ್ಣನಾ? ಅವನು ಸುಟ್ಟ ಮಾಂಸಕ್ಕೆ ಹಚ್ಚೋ ಸಾರು ಸಿಹಿ ಜಾಸ್ತಿ ಅಂತಾರಪ್ಪ. ಮಾಂಸಕ್ಕೋ, ಪಾಯಸಕ್ಕೋ ಅಂತ ಕೇಳ್ತಾರೆ."

ನಮ್ಮಜ್ಜನ ಕಾಲದ ಸಾರು ಅದು. ನನ್ನ ಕಣ್ಣಲ್ಲಿ ನೀರು ಬಂತು. ಒಡೆಸ್ಸಾ ಮೇಜಿನ ಹಿಂದೆ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ನಗುವಿನಿಂದ ಅಲುಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ನನ್ನನ್ನು ಕೋಪಿಷ್ಠ ಎನ್ನುವವರೆಲ್ಲ ಆ ಬೆಂಚಿನ ಮೇಲೆ ಒಂದು ಸಲ ಕೂತು ನೋಡಲಿ.

ಬಾಗಿಲು ತೆರೆಯಿತು. ಮಿಸ್ ವರ್ಲೀನ್ ಕೈಯಲ್ಲಿ ಒಂದು ಹಾಳೆ ಇತ್ತು. ನಡಿಗೆ ನೋಡಿಯೇ ಗೊತ್ತಾಯಿತು. ಮಗುವನ್ನು ಮೊದಲ ಸಲ ಚರ್ಚಿಗೆ ಎತ್ತಿಕೊಂಡು ಬರುವ ತಾಯಿಯ ಹಾಗೆ ಆ ಹಾಳೆ ಹಿಡಿದಿದ್ದರು.

"ಪಾಸು" ಅಂದರು.

ನಾನು ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ ನನಗೇ ಗೊತ್ತಿಲ್ಲ, ದೇವರ ಹೆಸರಂತೂ ಅದರಲ್ಲಿತ್ತು. ಒಳಗೆ ಉಳಿದವರು ಮುಗಿಸಿ ಎದ್ದಿದ್ದರು, ಒಡೆಸ್ಸಾ ಸಿಟ್ಟಾಗಲಿಲ್ಲ. ಥರ್ಮನ್ ನನ್ನನ್ನು ತಬ್ಬಿಕೊಂಡು ಬೆನ್ನಿಗೆ ಗುದ್ದಿದ. ನಾನೂ ಗುದ್ದಿದೆ, ಸಾರಿನ ಲೆಕ್ಕವೂ ಸೇರಿಸಿ.

ಮಿಸ್ ವರ್ಲೀನ್ ಮಾತ್ರ ಗೋಡೆಯ ಕಡೆ ನೋಡುತ್ತಿದ್ದರು. "ಡರ್ವುಡ್, ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇದೆಯಲ್ಲೋ."

"ಯಾವ ಹನ್ನೆರಡು? ನಮ್ಮ ಹನ್ನೆರಡು ಹೊಡೆದು ಯಾವ ಕಾಲ ಆಯ್ತು."

"ನಾನೀಗ ಅಲಬಾಮಾದವಳು ಕಣೋ. ಸರ್ಕಾರದ ಗಂಟೆಯೇ ಗಂಟೆ."

"ಬೆಳಿಗ್ಗೆ ಹೊರಡೋವಾಗ ನೀವು ಜಾರ್ಜಿಯಾದವರೇ ಆಗಿದ್ರಿ."

"ಅದಕ್ಕೇ ತಡ ಆಯ್ತು" ಅಂದರು. ಒಡೆಸ್ಸಾ ಮತ್ತೆ ಕರವಸ್ತ್ರ ತೆಗೆದರು.

ಲೈಸೆನ್ಸು ಆಗಸ್ಟ್ ಕೊನೆಗೆ ಬಂತು. ಅದೇ ದಿನ ಮಿಸ್ ವರ್ಲೀನ್ ಗುಡ್‌ಲೋ ಮುದುಕನ ಅಡುಗೆಮನೆಗೆ ಹೋಗಿ ಅದನ್ನು ಅವನ ಕಾಫಿ ಲೋಟದ ಪಕ್ಕ ಇಟ್ಟರು. ಅವನು ಭೂತಗನ್ನಡಿ ಹಿಡಿದು ಓದಿ, "ಸರಿ, ನಿನ್ನ ಬೋರ್ಡು ಹಾಕಮ್ಮ" ಅಂದ.

ಅಲಬಾಮಾದ ನೆಲದಲ್ಲಿ ಅವರ ಹೆಸರಿನ ಮೊದಲ ಕಂಬವನ್ನು ನಾನು ನೆಟ್ಟದ್ದು ನನ್ನ ಮನೆಯ ಅಂಗಳದಲ್ಲೇ. "ಕೊಳ್ಳೋನು ನಾನೇ ಅಲ್ವಾ, ಬೋರ್ಡು ಯಾಕೆ?" ಎಂದು ಕೇಳಿದೆ. "ಎಲ್ಲ ಮನೆಗೂ ಒಂದೇ ನಿಯಮ" ಅಂದರು. ಅಪ್ಪ ಕೂರುತ್ತಿದ್ದ ಪೀಕನ್ ಮರದ ಕೆಳಗೆ ಗುಂಡಿ ತೋಡಿದೆ. ಇಷ್ಟು ನೆಟ್ಟಗಿನ ಕಂಬವನ್ನು ನಾನು ಅದಕ್ಕೆ ಮೊದಲೂ ನೆಟ್ಟಿಲ್ಲ, ಆಮೇಲೂ ನೆಟ್ಟಿಲ್ಲ.

ಆಮೇಲೆ ಅವರು ನನ್ನನ್ನು ಗಿರಾಕಿಯ ಹಾಗೆ ನನ್ನದೇ ಮನೆಯೊಳಗೆ ಕರೆದುಕೊಂಡು ಹೋದರು. ನೆಟ್ಟಗೆ ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗೆ ತಲೆ ತೂರಿಸಿದರು.

"ಇಲ್ಲಿ ಜಿನುಗುತ್ತೆ."

"ಗೊತ್ತು. ಆ ಬಟ್ಟೆ ಸುತ್ತಿದವನು ನಾನೇ."

"ಮಲಗೋ ಕೋಣೆ ಮಾಡು ಸೋರುತ್ತೆ."

"ಗೊತ್ತು. ಬಕೆಟ್ಟೂ ನಂದೇ."

"ಹಿಂದಿನ ಮೆಟ್ಟಿಲು ಕೊಳೆತಿದೆ. ಕೊಳ್ಳೋನಿಗೆ ಎಲ್ಲಾ ಹೇಳ್ಬೇಕು ಡರ್ವುಡ್, ನಡುವೆ ಬಾಯಿ ಹಾಕಬೇಡ." ಎಲ್ಲ ಹೇಳಿ ಮುಗಿಸಿ ಸೊಂಟ ಹಿಡಿದುಕೊಂಡು ಎದ್ದರು. "ಇಷ್ಟಾದ ಮೇಲೂ ಬೇಕಾ ಈ ಮನೆ?"

"ಬೇಕು" ಅಂದೆ. ಅಷ್ಟು ಹೇಳಿ ಸಿಂಕಿನ ಕೆಳಗಿನ ಬಟ್ಟೆ ಬಿಗಿ ಮಾಡುವವನಂತೆ ಬಗ್ಗಿದೆ. ಅವರು ಬೆನ್ನು ತಿರುಗಿಸಿ ಕಿಟಕಿಯ ಚಿಲಕ ಪರೀಕ್ಷಿಸುತ್ತಾ ನಿಂತರು, ಒಳ್ಳೆಯದೇ ಆಯಿತು.

ಕ್ರಿಸ್‌ಮಸ್ ಹೊತ್ತಿಗೆ ಮನೆಸಾಲಿನ ಬೋರ್ಡುಗಳನ್ನೆಲ್ಲ ನಾನೇ ಕಿತ್ತೆ. ಎಲ್ಲ ಮನೆಯಲ್ಲೂ ಮೊದಲಿದ್ದವರೇ ಇದ್ದಾರೆ. ಥರ್ಮನ್ ಸೆಪ್ಟೆಂಬರಿನಲ್ಲಿ ಫೇಲಾಗಿ, ನವೆಂಬರಿನಲ್ಲಿ ಪಾಸಾದ. ಈಗ ಅವನ ಕಂಬಗಳನ್ನೂ ನಾನೇ ನೆಡುತ್ತೇನೆ. ಅವನ ಅಜ್ಜಿಗೆ ಪುರಸೊತ್ತಿಲ್ಲವಂತೆ. ಒಡೆಸ್ಸಾ ತಂಗಿ ನೋಡಿದ್ದ ಮನೆಯ ನೆಲಮಾಳಿಗೆಗೆ ಮಿಸ್ ವರ್ಲೀನ್ ಹೇಳಿದಂತೆ ಇಳಿದು, ಆ ಮನೆ ಬೇಡ ಎಂದು ಇನ್ನೊಂದು ಕೊಡಿಸಿದರು.

ಅವರ ಅಡುಗೆಮನೆಯಲ್ಲಿ ಈಗ ಎರಡು ಗಡಿಯಾರ ಇವೆ, ಒಂದು ಬೇಗದ್ದು, ಒಂದು ನಿಧಾನದ್ದು. ಕೇಕಿನ ಮಾತು ಬಂದರೆ ಅವರು ನಿಧಾನದ್ದನ್ನು ತೋರಿಸುತ್ತಾರೆ, ನಾನು ಬೇಗದ್ದನ್ನು. ಅಣ್ಣನನ್ನು ನ್ಯಾಯ ಹೇಳು ಎಂದು ಕೇಳಿದೆ. "ಈಗ ಕೇಳ್ತೀಯಾ" ಎಂದು ಎದ್ದು ಒಲೆಯ ಕಡೆ ಹೋದ.

ಮೊನ್ನೆ ಭಾನುವಾರ ಮತ್ತೆ ಕೇಕು ಕೇಳಿದೆ. ಮಿಸ್ ವರ್ಲೀನ್ ತೆಂಗಿನಕಾಯಿ ತುರಿಯುತ್ತಿದ್ದರು, ಕಣ್ಣಾರೆ ನೋಡಿದೆ. "ಐದು ಗಂಟೆಗೆ ಬಾ, ನೋಡೋಣ" ಅಂದರು. ನಾನು ಬೇಗದ ಐದಕ್ಕೆ ಹೋದೆ. ಇನ್ನೂ ಆರಬೇಕು, ಆಮೇಲೆ ಬಾ ಎಂದರು. ನಿಧಾನದ ಐದಕ್ಕೆ ಹೋದೆ. ಪಾದ್ರಿಯವರು ಹೆಂಡತಿ ಮಕ್ಕಳ ಜೊತೆ ಬಂದು ಹೋಗಿದ್ದರು. ಮೇಜಿನ ಮೇಲೆ ತೊಳೆದಿಟ್ಟ ಕೇಕಿನ ತಟ್ಟೆ ಇತ್ತು. "ತಡ ಮಾಡ್ದೆ ಕಣೋ" ಅಂದರು.